ಬಿಲ್ಲು ಕೊಡುವ ವಾರ

“ಬಿಲ್ಲು ತಗೊಂಡು ಹೋಗ್ರಿ,” ಎಂದ ಪ್ರಲ್ಹಾದ.

ಎದುರಿಗಿದ್ದ ಹೆಂಗಸಿಗೆ ಗಾಬರಿಯಾಯಿತು. ಪುಣೆ ಕ್ಯಾಂಪಿನ ಈ ಪರದೆ ಅಂಗಡಿಗೆ ಆಕೆ ಹಳೆಯ ಗಿರಾಕಿ. ನಗದು ಕೊಟ್ಟರೆ ನೂರಕ್ಕೆ ಹತ್ತು ಕಡಿಮೆ, ಕಾಗದದ ಮಾತಿಲ್ಲ. ಇಬ್ಬರಿಗೂ ಒಗ್ಗಿಹೋದ ಪದ್ಧತಿ ಅದು.

“ಯಾಕ್ರೀ, ಆರಾಮ ಇದ್ದೀರಲ್ಲ?”

“ಆರಾಮ ಇದ್ದೀನ್ರಿ. ತೆರಿಗಿ ಕಟ್ಟಿದ್ರ ರಸ್ತೆ ಛಲೋ ಆಗತಾವ.”

“ನಮ್ಮ ಓಣಿ ರಸ್ತೆ ಒಮ್ಮೆ ನೋಡ ಬರ್ರಿ,” ಎಂದು ಆಕೆ ಬಿಲ್ಲನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಹಿಡಿದು ಹೊರಟಳು.

ಪ್ರಲ್ಹಾದ ನಿಟ್ಟುಸಿರಿಟ್ಟ. ಇದೆಲ್ಲ ಮಗಳು ಮುಕ್ತಾಳಿಗಾಗಿ. ಬಂದ ಹುಡುಗರಿಗೆಲ್ಲ ಒಲ್ಲೆ ಎನ್ನುತ್ತಿದ್ದವಳು ಅಮೋಘನನ್ನು ನೋಡಿ ಬಂದ ದಿನ ಮನೆಯಲ್ಲಿ ಹಾಡು ಗುನುಗಿದ್ದಳು. ಆದರೆ ಸಂಬಂಧ ತಂದ ಹುಸೇನಪ್ಪ ಒಂದು ಮಾತು ಹೇಳಿದ್ದ. ಹುಡುಗನ ತಂದೆ ತೆರಿಗೆ ಕಚೇರಿಯಲ್ಲಿ ದೊಡ್ಡ ಸಾಹೇಬರಾಗಿದ್ದು ನಿವೃತ್ತರಾದವರು. ಹೆಣ್ಣಿನ ಮನೆಗೆ ಬರುವ ಮೊದಲು ಮನೆತನದ ವಿಚಾರಣೆ ತಾವೇ ಮಾಡುತ್ತಾರೆ. ಈ ವಾರದಲ್ಲಿ ಎಂದಾದರೂ ಅಂಗಡಿಗೆ ಬಂದಾರು. ತಾವು ಯಾರೆಂದು ಹೇಳುವುದಿಲ್ಲ.

ಅಂದಿನಿಂದ ಅಂಗಡಿಗೆ ಬಂದ ಪ್ರತಿ ಗಂಡಸಿನಲ್ಲೂ ಪ್ರಲ್ಹಾದನಿಗೆ ಬೀಗರೇ ಕಾಣುತ್ತಿದ್ದರು. ಒಬ್ಬ ಕೊರಿಯರಿನವನಿಗೂ ಚಹಾ ಕುಡಿಸಿ ಕಳಿಸಿದ್ದ.

ಗುರುವಾರ ಮಧ್ಯಾಹ್ನ ಒಬ್ಬರು ಬಂದರು. ಇಸ್ತ್ರಿಯ ಬಿಳಿ ಅಂಗಿ, ಹಣೆಯ ಮೇಲೆ ಏರಿಸಿದ ಕನ್ನಡಕ. ಮರಾಠಿಯಲ್ಲಿ ಮಾತು ಶುರುಮಾಡಿದವರು, ಪ್ರಲ್ಹಾದ ಹೆಂಡತಿ ನೀರಜಾಳೊಡನೆ ಆಡಿದ ಕನ್ನಡ ಕಿವಿಗೆ ಬಿದ್ದದ್ದೇ ಧಾರವಾಡದ ಮಾತಿಗೆ ಹೊರಳಿದರು.

“ಅಂಗಡಿ ಸ್ವಂತದ್ದೇನ್ರಿ?”

“ಹೌದ್ರಿ.”

“ಮಕ್ಕಳು?”

“ಒಬ್ಬಾಕಿ ಮಗಳರಿ.”

ಪರದೆ ಕೊಳ್ಳಲು ಬಂದವರಿಗೆ ಮಕ್ಕಳ ಚಿಂತೆ ಯಾಕೆ? ನೀರಜಾ ಗಂಡನ ಕಾಲು ತುಳಿದಳು.

ಬಂದವರು ಇಡೀ ಮನೆಗಾಗುವಷ್ಟು ಪರದೆ ಆರಿಸಿದರು. ಬಟ್ಟೆಯನ್ನು ತಿಕ್ಕಿ ನೋಡಿದರು, ಬೆಳಕಿಗೆ ಹಿಡಿದರು. ಪ್ರಲ್ಹಾದ ತೆರಿಗೆ ಸೇರಿಸಿ ಮೊತ್ತ ಹೇಳಿದ. ಅವರು ಗಲ್ಲಾಪೆಟ್ಟಿಗೆಯ ಮೇಲೆ ಮುಂದಕ್ಕೆ ಬಾಗಿದರು.

“ನಗದು ಕೊಡತೀನಿ. ಬಿಲ್ಲು ಬ್ಯಾಡ. ಈಗ ಹೇಳ್ರಿ.”

ಬಂತು ಪರೀಕ್ಷೆ, ಅಂದುಕೊಂಡ ಪ್ರಲ್ಹಾದ. ಎದೆ ಸೆಟೆಸಿದ.

“ಬಿಲ್ಲಿಲ್ಲದ ವ್ಯಾಪಾರ ನಮ್ಮಲ್ಲಿ ಇಲ್ರಿ.”

“ನಾ ಯಾರಿಗೂ ಹೇಳೂದಿಲ್ಲ.”

“ಮ್ಯಾಲಿನಾಂವ ನೋಡತಾನಲ್ರಿ.”

“ಅವಗ ಬ್ಯಾರೆ ಕೆಲಸ ಭಾಳ ಅವ. ನೂರಕ್ಕ ಹತ್ತು ಬಿಡ್ರಿ.”

“ಒಂದು ರೂಪಾಯಿ ಬಿಡೂದಿಲ್ರಿ. ದೇಶದ ರೊಕ್ಕ ಅದು.”

“ಎಂಟು?”

“ಇಲ್ರಿ.”

“ಐದು? ಎಲ್ಲಾರೂ ಬಿಡತಾರ್ರಿ.”

“ಎಲ್ಲಾರೂ ಬಿಡತಾರ. ನಾವು ಬಿಡೂದಿಲ್ಲ.”

ಹೇಳುವಾಗ ಪ್ರಲ್ಹಾದನಿಗೆ ತನ್ನ ಬಗ್ಗೆ ತನಗೇ ಗೌರವ ಹುಟ್ಟಿತು. ಆ ಮನುಷ್ಯ ಕನ್ನಡಕವನ್ನು ಕಣ್ಣಿಗಿಳಿಸಿ ಅವನನ್ನು ದಿಟ್ಟಿಸಿ ನೋಡಿದರು.

“ನಿಮ್ಮಂಥಾ ಅಂಗಡಿಕಾರನ್ನ ನಾ ಈ ಊರಾಗ ನೋಡಿಲ್ಲ.”

ಬರಿಗೈಲಿ ಹೊರಟರು. ಮೆಟ್ಟಿಲಿಳಿದವರು ತಿರುಗಿ ಬಂದು ಬಾಗಿಲಲ್ಲಿ ತಲೆ ತೂರಿಸಿದರು.

“ಮೂರು?”

“ನಮಸ್ಕಾರ್ರಿ,” ಎಂದ ಪ್ರಲ್ಹಾದ.

ಒಳ್ಳೆಯ ವ್ಯಾಪಾರವೊಂದು ರಸ್ತೆ ದಾಟಿ ಎದುರಿನ ಅಂಗಡಿ ಹೊಕ್ಕಿತು. ಪ್ರಲ್ಹಾದ ಬಿಚ್ಚಿ ಹರವಿದ್ದ ಪರದೆಗಳನ್ನು ಒಂದೊಂದಾಗಿ ಮಡಚತೊಡಗಿದ. ನೀರಜಾಳ ಕಣ್ಣಲ್ಲಿ ಮಾತ್ರ ಹೊಳಪಿತ್ತು. “ಇಷ್ಟು ಗಟ್ಟಿ ಮನಶಾ ಅಂತ ನನಗೂ ಗೊತ್ತಿರಲಿಲ್ಲ ಬಿಡ್ರಿ.”

ಸಂಜೆ ಮನೆಗೆ ಬಂದ ಮುಕ್ತಾ ಎಲ್ಲವನ್ನೂ ಕೇಳಿಸಿಕೊಂಡಳು. “ಅಪ್ಪಾ, ಅವರು ಖರೇನ ಗಿರಾಕಿ ಇದ್ರ?”

“ಕನ್ನಡಕ ಹಣಿಮ್ಯಾಲ ಇತ್ತವ್ವಾ.”

“ಹಂಗಾದ್ರ ಅವರಽ. ಅದನ್ನ ಹಣಿಮ್ಯಾಲ ಇಟಗೊಂಡು ಮನಿತುಂಬ ಹುಡಕತಾರಂತ. ಅಮೋಘ ಹೇಳ್ಯಾನ.”

ನೀರಜಾ ಶಿರಾಕ್ಕೆ ರವೆ ಹುರಿಯಲು ಎದ್ದಳು. ಅಷ್ಟರಲ್ಲಿ ಫೋನು ಬಂತು. ಹುಸೇನಪ್ಪ.

“ರಾಯರ, ಒಪ್ಪಿದ್ರು! ಹುಡುಗಿ ನಮ್ಮ ಮನಿಯಾಕಿ ಅಂದ್ರು.”

“ಮತ್ತ ನನ್ನ ಬಗ್ಗೆ?” ಪ್ರಲ್ಹಾದ ಕೇಳದೆ ಇರಲಾರದೆ ಹೋದ.

“ನಿಮ್ಮ ಪ್ರಾಮಾಣಿಕತನ ನೋಡಿ ದಂಗ ಬಡದಾರ. ಮದುವಿ ಖರ್ಚು ಅರ್ಧಾ ಅರ್ಧಾ, ವರದಕ್ಷಿಣಿ ಮಾತಽ ಇಲ್ಲ. ಆದ್ರ ಒಂದು ಷರತ್ತು ಅದ.”

ಮುಕ್ತಾ ಅಪ್ಪನ ತೋಳು ಹಿಡಿದಳು.

“ಮಂಟಪದಾವರು, ಅಡಿಗಿಯವರು, ಹೂವಿನವರು, ಯಾರ ಹತ್ರನೂ ನೀವು ಹೋಗಿ ಮಾತಾಡಬಾರದಂತ. ಎಲ್ಲಾ ಅವರಽ ಮಾತಾಡತಾರಂತ.”

“ಯಾಕ್ರೀ?”

“ನೀವು ಹೋದ್ರ ಬಿಲ್ಲು ಕೇಳತೀರಿ, ಖರ್ಚು ಏರತದ. ಬೀಗರು ನೌಕರಿ ಇಡೀ ಬಿಲ್ಲು ಕೊಡದ ಮಂದೀನ್ನ ಹಿಡದವರು, ಪುಣೆದಾಗ ಬಿಲ್ಲಿಲ್ದ ಯಾರು ಎಷ್ಟು ಬಿಡತಾರ ಅನ್ನೂದು ಅವರಿಗೆ ಬಾಯಿಪಾಠ ಅದಂತ.”