ಕೌದಿ ಹೊಲಿದ ಕೈ

"ಈ ಹೊಲಿಗೆ ಮರೆವಿನವರದ್ದಲ್ಲ."

ಶಿವಶಂಕರ ಕೌದಿಯನ್ನು ಮಗುಚಿ ನೋಡಿದ. ಹಿಂಬದಿಯಲ್ಲೂ ಹೊಲಿಗೆ ಇರುವೆ ಸಾಲಿನಂತೆ ನೇರವಾಗಿತ್ತು. ಎಲ್ಲೂ ಒಂದು ಗಂಟಿಲ್ಲ. ಉಂಡಿದ್ದೇ ನೆನಪಿರದವರು ಇಷ್ಟು ನೆಟ್ಟಗೆ ಹೊಲಿಯುವುದುಂಟೇ?

ಶಿರಾಳಕೊಪ್ಪದ ಈ ಹಗಲು ಕೇಂದ್ರಕ್ಕೆ ಶಿವಮೊಗ್ಗದ ದತ್ತಿ ಸಂಸ್ಥೆಯೊಂದು ನೆರವು ಕೊಡುತ್ತಿತ್ತು. ಅದರ ಷರತ್ತು ಒಂದೇ: ಕೈಕೆಲಸ ಮರೆವಿನ ಕಾಯಿಲೆಯವರದ್ದೇ ಆಗಿರಬೇಕು. ಶಿವಶಂಕರ ಆ ಸಂಸ್ಥೆಯ ತಪಾಸಣಾಧಿಕಾರಿ. ಸೊರಬದ ಪ್ರದರ್ಶನದಲ್ಲಿ ಈ ಕೌದಿಗಳನ್ನು ನೋಡಿದಾಗಲೇ ಅವನ ಹುಬ್ಬು ಗಂಟಿಕ್ಕಿತ್ತು. ಮೋಸ ಎಂದು ಅವನು ಬರೆದರೆ ಮುಂದಿನ ತಿಂಗಳು ಕೇಂದ್ರಕ್ಕೆ ಬೀಗ. ಆಮೇಲೆ ಇಲ್ಲಿಗೆ ದಿನಾ ಬರುವ ಮುದುಕಿ ಚಾಂದ್ ಬೀಯನ್ನು ಅವಳ ಮಗ ಮೊದಲಿನ ಹಾಗೆ ಒಳಗೆ ಕೂರಿಸಿ, ಹೊರಗಿನಿಂದ ಚಿಲಕ ಹಾಕಿ ಅಂಗಡಿಗೆ ಹೋಗಬೇಕು. ಆದರೆ ಶಿವಶಂಕರನ ತಪಾಸಣಾ ನಮೂನೆಯಲ್ಲಿ ಚಾಂದ್ ಬೀಗೆ ಕಾಲಂ ಇರಲಿಲ್ಲ.

ಗೋಡೆಯ ಹಲಗೆಯಲ್ಲಿ ಸೀಮೆಸುಣ್ಣದಿಂದ 'ಇಂದಿನ ಹಾಜರಿ: ಹದಿನಾಲ್ಕು' ಎಂದು ಬರೆದಿತ್ತು. ಚಾಪೆಯ ಮೇಲಿದ್ದ ಮುದುಕ ಮುದುಕಿಯರನ್ನು ಅವನು ಬೆರಳು ಮಾಡಿ ಎಣಿಸಿದ. ಹದಿಮೂರು. ಮತ್ತೊಮ್ಮೆ ಎಣಿಸಿದ. ಹದಿಮೂರೇ.

ಹಾಜರಿಯಲ್ಲೂ ಸುಳ್ಳು. ಅವನಿಗೆ ಖುಷಿಯಾಯಿತು.

ಕುಪ್ಪಗಡ್ಡೆಯ ಉಜ್ಜಪ್ಪ ಬಟ್ಟೆ ತುಂಡುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಿದ್ದ.

"ಏನಜ್ಜ ಇವು?" ಶಿವಶಂಕರ ಕಿವುಡನನ್ನು ಕೇಳುವಂತೆ ಕೂಗಿದ.

"ಕುರಿ. ಇನ್ನೂ ಎರಡು ಬರಬೇಕು."

ಶಿವಶಂಕರ ಮೂಗು ಮುರಿದ. ಇಂಥವರ ಕೈಗೆ ಬಟ್ಟೆ, ಬಣ್ಣ, ದಾರ! ಬಯಲಿಗೆ ಸುರಿಯುವುದೂ ಒಂದೇ, ಇವರಿಗೆ ಖರ್ಚು ಮಾಡುವುದೂ ಒಂದೇ.

"ಕೂಗಬ್ಯಾಡ್ರೀ. ಇಲ್ಲಿ ಯಾರಿಗೂ ಕಿವಿ ಕೆಟ್ಟಿಲ್ಲ."

ಚಾಪೆಗಳ ನಡುವೆ ಒಬ್ಬಾಕೆ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಭುಜಕ್ಕೊಂದು ಪಿನ್ನು, ದಾರ ಕಟ್ಟಿದ ಕನ್ನಡಕ. ಅರವತ್ತು ದಾಟಿರಬಹುದು, ಬೆನ್ನು ಮಾತ್ರ ಕೋಲಿನ ಹಾಗಿತ್ತು.

"ನಾನು ಜಗದಾಂಬ, ಹೊಲಿಗೆ ಟೀಚರ್. ಯಾವೂರ್ರೀ ನಿಮ್ದು?"

"ಆನವಟ್ಟಿ."

"ಕೂತ್ಕೊಳ್ರಿ. ಕ್ಲಾಸು ಮುಗಿಯೋವರೆಗೂ ಮಾತಿಲ್ಲ."

ಅವನು ಕೂತ. ಅವಳು ಚಾಂದ್ ಬೀಯ ಕೈಯಿಂದ ಸೂಜಿ ತೆಗೆದುಕೊಂಡು ತಪ್ಪಿದ ಹೊಲಿಗೆ ಬಿಚ್ಚಿದಳು, ಮತ್ತೆ ಹಾಕಿದಳು. ಬೆರಳು ನೋಡದೆಯೇ ಓಡುತ್ತಿತ್ತು. ನೇರ, ಇರುವೆ ಸಾಲು.

ಸಿಕ್ಕಿತು ಕಳ್ಳತನ.

ಚಹಾದ ತಟ್ಟೆ ಹಿಡಿದು ಬಂದ ಹೆಂಗಸು ಅವನ ಪಕ್ಕ ಬಗ್ಗಿದಳು. "ಸಾರ್, ನಿಮಗೊಂದು ಮಾತು..."

"ಚಹಾ ಅಲ್ಲಿಟ್ಟು ಹೋಗಮ್ಮ."

"ಏ ಹುಡುಗಿ," ಟೀಚರ್ ಗದರಿದಳು, "ನಿನ್ ಹೊಲಿಗೆ ನೋಡಿದ್ರೆ ಎಮ್ಮೆ ಓಡಿದ ಹಾಗಿರುತ್ತೆ. ಯಾವಾಗ ಕಲೀತೀಯ?"

"ನಾಳೆಯಿಂದ, ಟೀಚರ್," ಎಂದು ಆ ಹೆಂಗಸು ನಕ್ಕು ಸರಿದಳು.

ಟೀಚರ್ ಶಿವಶಂಕರನ ಕಡೆ ತಿರುಗಿದಳು. "ಯಾವೂರ್ರೀ ನಿಮ್ದು?"

ಎರಡನೇ ಸಲ! ಸುಳ್ಳು ಹೇಳುವವನು ಎರಡನೇ ಸಲ ಬೇರೆ ಹೇಳುತ್ತಾನೆ. ತಪಾಸಣೆಯಲ್ಲಿ ಶಿವಶಂಕರ ಹಾಕುವ ಪಟ್ಟೂ ಇದೇ. ಹೆಂಗಸು ಗಟ್ಟಿ ಎಂದುಕೊಂಡ.

"ಆನವಟ್ಟಿನೇ," ಎಂದ. "ನೋಡಿ ಟೀಚರ್, ನೇರವಾಗಿ ಕೇಳ್ತೀನಿ. ಪ್ರದರ್ಶನದಲ್ಲಿಟ್ಟ ಕೌದಿಗಳ ಹೊಲಿಗೆ ಯಾರದ್ದು?"

"ನಂದೇ. ಇನ್ಯಾರದ್ದು?" ಅವಳು ದನಿ ತಗ್ಗಿಸಿದಳು. "ಇವರ ಕೈಲಿ ಆಗುತ್ತೇನ್ರೀ? ಪಾಪ, ಮರೆವಿನವರು."

"ಬರೆದು ಸಹಿ ಹಾಕ್ತೀರಾ?"

"ಇದ್ದಿದ್ದು ಹೇಳೋಕೆ ಭಯವೇನು?"

ಶಿವಶಂಕರ ಕೂತಲ್ಲೇ ವರದಿ ಬರೆದ. 'ಸದರಿ ಕೌದಿಗಳೆಲ್ಲವೂ ಜಗದಾಂಬ ಎಂಬವರ ಸ್ವಂತ ಕೈಕೆಲಸ. ಬೇರಾರೂ ಸೂಜಿ ಹಿಡಿದು ನೆರವಾಗಿಲ್ಲ. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.' ಅವಳು ಕೆಳಗೆ ದುಂಡಗೆ ಸಹಿ ಹಾಕಿದಳು.

ಇಪ್ಪತ್ತು ವರ್ಷದ ಕೆಲಸದಲ್ಲಿ ಇಷ್ಟು ಸಲೀಸಾಗಿ ಅವನಿಗೆ ಯಾರೂ ಸಿಕ್ಕಿಬಿದ್ದಿರಲಿಲ್ಲ.

"ಇಲ್ಲಿನ ಮೇಲ್ವಿಚಾರಕರು ಯಾರು?" ಎಂದು ಕೇಳುತ್ತಾ ಅವನು ಒಳಕೋಣೆಗೆ ನುಗ್ಗಿದ.

ಚಹಾ ತಂದಿದ್ದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ನಾನೇ ಸಾರ್, ನಾಗಶ್ರೀ. ಆಗಲೇ ಹೇಳೋಣ ಅಂತ ಬಂದೆ, ನೀವು ಬಿಡಲಿಲ್ಲ. ಅವರ ಎದುರಿಗೆ ಹೇಳೋ ಮಾತೂ ಅಲ್ಲ."

"ಈಗ ಏನು ಹೇಳಿದ್ರೂ ಅಷ್ಟೇ. ನಿಮ್ಮ ಟೀಚರ್ ಒಪ್ಪಿಕೊಂಡು ಸಹಿ ಹಾಕಿದ್ದಾರೆ. ಓದಿ, ಸೀಲು ಹಾಕಿ."

ನಾಗಶ್ರೀ ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖ ಬಾಡಲಿಲ್ಲ. ಅರಳಿತು. ಸೀಲನ್ನು ಎರಡು ಸಲ ಒತ್ತಿದಳು.

"ಇದನ್ನ ಹೀಗೇ ಕಳಿಸಿ ಸಾರ್. ಒಂದಕ್ಷರ ತಿದ್ದಬೇಡಿ."

"ನಿಮಗೆ ತಲೆ ನೆಟ್ಟಗಿದೆಯೇನ್ರೀ? ಕೇಂದ್ರ ಮುಚ್ಚುತ್ತೆ!"

"ಆನವಟ್ಟಿ ಬಸ್ಸಿಗೆ ಹೊತ್ತಾಯ್ತು," ಎಂದಳು ನಾಗಶ್ರೀ. "ಹೋಗೋ ಮೊದಲು ಹಾಜರಿ ಪುಸ್ತಕ ನೋಡಿಬಿಡಿ. ಒಬ್ಬರು ಕಡಿಮೆ ಅಂತ ಎರಡೆರಡು ಸಲ ಎಣಿಸ್ತಿದ್ರಿ."

ಅವಳು ಬೆರಳಿಟ್ಟು ತೋರಿಸಿದಳು: 'ಕ್ರಮ ಸಂಖ್ಯೆ ಹದಿನಾಲ್ಕು. ಜಗದಾಂಬ, ಅರವತ್ತಾರು ವರ್ಷ, ನಿವೃತ್ತ ಹೊಲಿಗೆ ಶಿಕ್ಷಕಿ. ಮರೆವಿನ ಕಾಯಿಲೆ ಶುರುವಾಗಿ ನಾಲ್ಕು ವರ್ಷ.'