ತಿರುಗದ ಕುರ್ಚಿ

ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಸಿಕೊಂಡ ಕರಿಯಣ್ಣ ಗಿರಗಿರ ತಿರುಗಿಸುವ ಕುರ್ಚಿಯಲ್ಲಿ ಎಂಟನೇ ಸುತ್ತು ತಿರುಗುತ್ತಿದ್ದ, ಬದುವಿನ ಮೇಲೆ ಕೂತು ಕುರಿ ಕಾಯುವವನಷ್ಟು ನೆಮ್ಮದಿಯಾಗಿ. ತನ್ನ ಸರದಿಯಲ್ಲಿ ನಾಲ್ಕನೇ ಸುತ್ತಿಗೇ ವಾಂತಿಗೆ ಬಕೆಟ್ ಕೇಳಿದ್ದ ಅವನ ಹೆಂಡತಿ ಹನುಮಂತಮ್ಮ ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ನೋಡುತ್ತಿದ್ದಳು. ಕಡೂರಿನ ಬಸ್ಸು ಹತ್ತಿದಾಗಲೂ ಅವಳಿಗೆ ನಿಂಬೆಹಣ್ಣು ಬೇಕು. ಅವನಿಗೆ ಒಂದು ದಿನವೂ ಬೇಕಾಗಿಲ್ಲ.

ಕರಿಯಣ್ಣ ಕೈ ತಿರುವಿ ಏನೋ ಕೇಳಿದ. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋದವನ ಕೈಸನ್ನೆ ಪೂರ್ತಿ ಅರ್ಥವಾಗುವುದು ಅವಳಿಗೊಬ್ಬಳಿಗೇ.

“ಏನಂತಾರಮ್ಮ?” ಎಂದಳು ಸುಮನಾ. ಬಸ್ಸಿನಲ್ಲಿ ಬರುವ ವಾಂತಿಯ ಬಗ್ಗೆ ಸಂಶೋಧನೆ ಮಾಡಲು ಇವರ ಊರು ಯಗಟಿಗೆ ಆ ಕುರ್ಚಿ ತಂದವಳು ಅವಳೇ.

“ಯಾವಾಗ ಶುರು ಮಾಡ್ತೀರಾ ಅಂತ ಕೇಳ್ತಾವ್ರೆ ಕಣವ್ವ.”

ಸುಮನಾ ಬರೆಯುವುದನ್ನು ನಿಲ್ಲಿಸಿದಳು. “ತಿರುಗ್ತಿದ್ದೀವಿ, ವಾಲ್ತಿದ್ದೀವಿ ಅಂತ ನಮಗೆ ಹೇಳೋದೂ ಕಿವಿಯ ಒಳಭಾಗಾನೇ ಅಮ್ಮ. ಇವರಿಗೆ ಜ್ವರದಲ್ಲಿ ಅದೂ ಹೋಗಿದೆ, ಅದಕ್ಕೇ ವಾಂತಿ ಇಲ್ಲ. ಇಷ್ಟು ವರ್ಷ ಬೀಳದೆ ನಡೆದಿರೋದು ಹೆಚ್ಚಾಗಿ ಕಣ್ಣಿನ ಆಸರೆಯಿಂದ. ಕತ್ತಲಾದ್ರೆ ಅದೂ ಇಲ್ಲ.”

ಹನುಮಂತಮ್ಮ ಗಂಡನ ಕಿವಿಗಳನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಮೂವತ್ತು ವರ್ಷದಿಂದ, ಹೊತ್ತು ಮುಳುಗಿದ ಮೇಲೆ ಕುರಿರೊಪ್ಪದಿಂದ ಬರುವಾಗಲೆಲ್ಲ ಅವನು ಅವಳ ಹೆಗಲು ಹಿಡಿಯುತ್ತಿದ್ದ. ‘ಗಂಡ್ಸಾಗಿ ಕತ್ಲೆಗೆ ಹೆದ್ರದಾ’ ಎಂದು ಗೊಣಗುತ್ತ ಅವಳು ಆ ಕೈ ಕೊಡವುತ್ತಿದ್ದಳು.

ಕುರ್ಚಿ ನಿಂತಿತು. ಅದೂ ಅವನಿಗೆ ಗೊತ್ತಾಗಲಿಲ್ಲ. ಸುಮನಾ ಮೊಣಕಾಲು ಮುಟ್ಟಿದಾಗ ಕಣ್ಣಿನ ಬಟ್ಟೆ ಬಿಚ್ಚುವ ಮೊದಲೇ ಎದ್ದ, ಎದ್ದವನೇ ವಾಲಿದ. ಅವನ ಕೈ ಗಾಳಿಯಲ್ಲಿ ಹುಡುಕಿತು. ನಿಂಬೆಹಣ್ಣು ನೆಲದ ಮೇಲೆ ಉರುಳಿ ಹೋಯಿತು. ಹನುಮಂತಮ್ಮ ಆ ಕೈಯ ಕೆಳಗೆ ಹೆಗಲು ಕೊಟ್ಟು, ಅಲ್ಲಾಡದೆ ನಿಂತಳು.