ಸ್ಕೂಟರಿನ ವರ್ಗಾವಣೆ

ನಮಗೆ ಸ್ವಂತ ಮನೆ ಇರಲಿಲ್ಲ. ಇದ್ದದ್ದು ತೀರಿಕೊಂಡ ಅಪ್ಪನ ಹಳೇ ಸ್ಕೂಟರು. ಒಮ್ಮೆ ಶೂಟಿಂಗಿನಲ್ಲಿ ನಟ ಮಾರ್ತಾಂಡ್ ಅದನ್ನು ಅರ್ಧ ಗಂಟೆ ಓಡಿಸಿದ್ದರು. ಆ ಅರ್ಧ ಗಂಟೆಗೆ ಈಗ ಒಂದು ಮನೆಯ ಬೆಲೆ.

ವರ್ಗಾವಣೆ ಕಚೇರಿಯ ಗುಮಾಸ್ತ ಹಾಲಪ್ಪ ಸೀಟಿನ ಮೇಲೆ ಯಂತ್ರ ಇಟ್ಟು, ಸ್ಕೂಟರಿನಲ್ಲಿ ಉಳಿದಿದ್ದ ಸವಾರರ ನೆನಪುಗಳನ್ನು ಓದಿದರು.

"ಹೀರೋ ನೆನಪು ಚೆನ್ನಾಗೈತೆ. ಆದ್ರೆ ಮನೆಯವರದ್ದು ಇಷ್ಟೊಂದಿದ್ರೆ ಗಿರಾಕಿ ಒಪ್ಪಲ್ಲ ಕಣವ್ವ. ನಿಮ್ಮಪ್ಪ ತರಕಾರಿ ತಂದಿದ್ದು ಯಾರಿಗೆ ಬೇಕು? ಅಳಿಸಿದ್ರೆ ನಿಮ್ಮ ತಲೆಯಿಂದ್ಲೂ ಹೋಗ್ತವೆ, ನಿಮ್ಮಮ್ಮನ ತಲೆಯಿಂದ್ಲೂ ಹೋಗ್ತವೆ."

"ಅಳಿಸಿ."

"ಅಮ್ಮನ ರುಜು?"

ಕೇಳಿದರೆ ಅಮ್ಮ ಬೇಡವೆನ್ನುತ್ತಾಳೆಂದು ಗೊತ್ತಿತ್ತು. ಹೊರಗೆ ಹೋಗಿ ನಾನೇ ಹಾಕಿಕೊಂಡು ಬಂದೆ.

ಸಂಜೆ ಅಮ್ಮ ಗೋಡೆಯ ಫೋಟೊ ಒರೆಸುತ್ತಿದ್ದಳು. ಅದರಲ್ಲಿ ಆಯುಧಪೂಜೆಯ ಹೂವಿನ ಹಾರ ಹಾಕಿದ ಸ್ಕೂಟರು, ಮುಂದೆ ಅಪ್ಪ, ಹಿಂದೆ ಅವಳು.

"ಇದು ಯಾರ ಗಾಡಿನೇ, ತ್ರಿವೇಣಿ? ನಾವ್ಯಾಕೆ ಹತ್ತಿ ಕೂತಿದೀವಿ?"

"ಪಕ್ಕದ ಮನೆಯವರದ್ದಿರಬೇಕು," ಅವಳ ಮುಖ ನೋಡದೆ ಹೇಳಿದೆ.

"ಬೇರೆಯವರ ಗಾಡಿ ಮೇಲೆ ಎಷ್ಟು ನಗ್ತಿದೀನಿ ನೋಡು," ಎಂದು ಅಮ್ಮ ನಾಚಿಕೊಂಡಳು.

ರಸೀದಿ ನನ್ನ ಚೀಲದಲ್ಲಿತ್ತು. ಅಳಿಸಿದ ನೆನಪುಗಳು: ನನ್ನವು ಹದಿನಾಲ್ಕು, ಅಮ್ಮನವು ಆರುನೂರ ಎರಡು.